ಫೇಲಮ್ಮ ನೋಡುವ ಮುಖ

ಫೇಲಮ್ಮನವರನ್ನು ನಾನು ಮೊದಮೊದಲು ಸೈಕೋಪಾತ್ ಎಂದುಕೊಂಡಿದ್ದೆ. ಕೆಲವು ತಿಂಗಳಾದ ಮೇಲೆ, ಯಾರ ಬಗ್ಗೆಯೂ ದುಡುಕಿ ತೀರ್ಮಾನಕ್ಕೆ ಬರಬಾರದು ಎಂದು ಕೂಲಂಕಷವಾಗಿ ಯೋಚಿಸಿ, ಸೋಷಿಯೋಪಾತ್ ಎಂದು ತಿದ್ದಿಕೊಂಡೆ. ಎರಡಕ್ಕೂ ನನ್ನ ಬಳಿ ಪುರಾವೆ ಇತ್ತು. ಪುರಾವೆ ಇಲ್ಲದೆ ಮಾತಾಡುವ ಪೈಕಿ ನಾನಲ್ಲ.

ಮೊದಲನೆಯದು ಕಿತ್ತಳೆ ಹಣ್ಣಿನ ಪುರಾವೆ. ನಾವು ಈ ಕಟ್ಟಡಕ್ಕೆ ಬಾಡಿಗೆಗೆ ಬಂದ ವಾರ ಅದು. ಸಾಮಾನಿನ ಕೊನೆಯ ಗಂಟನ್ನು ಹೊತ್ತು ಮೆಟ್ಟಿಲ ಬಳಿ ಬಂದರೆ, ಅಲ್ಲಿಯ ಕಲ್ಲುಬೆಂಚಿನ ಮೇಲೆ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಕೂತು ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆ ಎಲ್ಲೂ ತುಂಡಾಗದೆ ರಿಬ್ಬನ್ನಿನಂತೆ ಇಳಿದು ಬರುತ್ತಿತ್ತು. ಅವರೆದುರು ಬೀರುವಿನಂಥ ಮೈಕಟ್ಟಿನ ಗಂಡಸೊಬ್ಬ ನಿಂತು ಅಳುತ್ತಿದ್ದ.

"ಒಂದೇ ಒಂದು ಸಲ ಬಿಟ್ಟುಬಿಡಿ ಮೇಡಂ. ನಿಮ್ಮ ಹೆಸರು ಹೇಳ್ಕೊಂಡು ಬದುಕ್ತೀನಿ."

ಹೆಂಗಸು ಒಂದು ತೊಳೆ ಬಾಯಿಗೆ ಹಾಕಿಕೊಂಡರು.

"ನಿಮಗೆ ಹೃದಯ ಅನ್ನೋದೇನಾದ್ರೂ ಇದ್ಯಾ?"

ಅವರು ಬೀಜವನ್ನು ಸಿಪ್ಪೆಯೊಳಗೆ ಉಗಿದರು. ಆ ಗಂಡಸು ಸಿಟ್ಟಿನಿಂದ ಬೆಂಚಿಗೆ ಒದ್ದ. ಬೆಂಚು ಕಲ್ಲಿನದು. ಕಾಲುಬೆರಳು ಹಿಡಿದುಕೊಂಡು ಕುಂಟುತ್ತಾ ಹೊರಟುಹೋದ. ಇಷ್ಟಾದರೂ ಅವರು ತಲೆಯೆತ್ತಿ ಅವನ ಮುಖ ನೋಡಲಿಲ್ಲ; ಗೇಟಿನಾಚೆಯ ರಸ್ತೆ ನೋಡುತ್ತಾ ಅಗಿಯುತ್ತಿದ್ದರು. ನಾನು ಬೆಂಚು ದಾಟುವಾಗ ಮಾತ್ರ, "ಗಂಟು ಎಡಗೈಗೆ ಬದಲಾಯಿಸ್ಕೊಳ್ಳಿ, ತಿರುವಲ್ಲಿ ಗೋಡೆಗೆ ಬಡಿಯುತ್ತೆ" ಎಂದರು. ಹೃದಯವಿಲ್ಲದವರ ಸಲಹೆ ನನಗೇಕೆ ಎಂದು ಬದಲಾಯಿಸಲಿಲ್ಲ. ಬಡಿಯಿತು. ಒಳಗಿದ್ದ ಪಿಂಗಾಣಿ ಬಟ್ಟಲುಗಳು ನನ್ನ ಹೆಂಡತಿಯ ತವರಿನವು, ಆದ್ದರಿಂದ ಆ ಘಟನೆ ನನಗೆ ಚೆನ್ನಾಗಿ ನೆನಪಿದೆ.

ಅತ್ತವನು ಬೀದಿ ಮೂಲೆಯ ಹಾರ್ಡ್‌ವೇರ್ ಅಂಗಡಿಯವನು. ಎಲ್ಲರೂ ಅವನನ್ನು ಹಾರ್ಡ್‌ವೇರ್ ಎಂದೇ ಕರೆಯುವುದು. ಹಣ್ಣು ತಿಂದವರು ಸಾರಿಗೆ ಕಚೇರಿಯಲ್ಲಿ ಡ್ರೈವಿಂಗ್ ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಅಂಚೆಯವನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಊರಿಗೆಲ್ಲ ಅವರು ಫೇಲಮ್ಮ. ಎದುರಿಗೆ ಮೇಡಂ, ಬೆನ್ನ ಹಿಂದೆ ಫೇಲಮ್ಮ, ಸ್ವಂತ ಗಂಡನ ಬಾಯಲ್ಲಿ ಎರಡೂ.

ಅದೇ ವಾರದ ಭಾನುವಾರ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಉಪನ್ಯಾಸವಿತ್ತು. ನಿವಾಸಿಗಳ ಸಂಘದ ಅಧ್ಯಕ್ಷರೇ ಏರ್ಪಡಿಸಿದ್ದು, ಅಧ್ಯಕ್ಷರೇ ಉಪನ್ಯಾಸಕರು, ಕೊನೆಯಲ್ಲಿ ವಂದನಾರ್ಪಣೆ ಮಾಡಿ ತಮಗೆ ತಾವೇ ಧನ್ಯವಾದ ಹೇಳಿಕೊಂಡವರೂ ಅವರೇ. ಕಂಪನಿಗಳಿಗೆ ಹೋಗಿ ವ್ಯಕ್ತಿತ್ವ ವಿಕಸನ ಕಲಿಸುವುದು ಅವರ ಕಸುಬು. ಅಂಥ ಸಭ್ಯರನ್ನು ನಾನು ಕಂಡಿಲ್ಲ. ನಮ್ಮ ಕಟ್ಟಡದ ಎಲ್ಲರ ಹುಟ್ಟಿದ ದಿನವೂ ಅವರಿಗೆ ಬಾಯಿಪಾಠ. ಮಾತಾಡುವಾಗ ನಿಮ್ಮ ಕಣ್ಣಲ್ಲೇ ಕಣ್ಣಿಟ್ಟು, ನಿಮ್ಮ ಹೆಗಲ ಮೇಲೆ ಹಗುರವಾಗಿ ಕೈಯಿಟ್ಟು, ಜಗತ್ತಿನಲ್ಲಿ ನೀವೊಬ್ಬರೇ ಇದ್ದೀರಿ ಎಂಬಂತೆ ಕೇಳಿಸಿಕೊಳ್ಳುತ್ತಾರೆ. ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ನನ್ನಲ್ಲಿ ಹುಡುಕುತ್ತಿರುವ ಗುಣಗಳೆಲ್ಲ ಅವರಲ್ಲಿದ್ದವು.

ಉಪನ್ಯಾಸದ ವಿಷಯ, ನಮ್ಮ ನಡುವೆಯೇ ಇರುವ ಸೈಕೋಪಾತ್ ಮತ್ತು ಸೋಷಿಯೋಪಾತ್‌ಗಳನ್ನು ಗುರುತಿಸುವುದು ಹೇಗೆ.

ಟೇಬಲ್ ಟೆನ್ನಿಸ್ ಮೇಜನ್ನು ಗೋಡೆಗೆ ಒರಗಿಸಿ ನಾವೆಲ್ಲ ಕುರ್ಚಿ ಹಾಕಿಕೊಂಡು ಕೂತೆವು. ಅಧ್ಯಕ್ಷರು ಬಹಳ ಚೆನ್ನಾಗಿ ವಿವರಿಸಿದರು. ಇಬ್ಬರಿಗೂ ನಿಯಮವೆಂದರೆ ಕಸ. ಇಬ್ಬರೂ ನೀರು ಕುಡಿದಷ್ಟು ಸಲೀಸಾಗಿ ಸುಳ್ಳು ಹೇಳುತ್ತಾರೆ. ಇನ್ನೊಬ್ಬರಿಗೆ ನೋವಾದರೆ ಇಬ್ಬರಿಗೂ ತಟ್ಟುವುದಿಲ್ಲ, ತಪ್ಪು ಮಾಡಿದೆನೆಂಬ ಕಸಿವಿಸಿ ಹತ್ತಿರ ಸುಳಿಯುವುದಿಲ್ಲ. ಇಷ್ಟು ಸಮಾನ. ವ್ಯತ್ಯಾಸವೆಂದರೆ, ಸೈಕೋಪಾತ್ ಹುಟ್ಟುವಾಗಲೇ ಒಳಗಿನ ಯಾವುದೋ ತಂತಿ ಕಡಿದುಕೊಂಡೇ ಬಂದಿರುತ್ತಾನೆ ಎನ್ನುತ್ತಾರೆ. ತಣ್ಣಗಿರುತ್ತಾನೆ, ಲೆಕ್ಕ ಹಾಕಿ ಹೆಜ್ಜೆಯಿಡುತ್ತಾನೆ. ಸೋಷಿಯೋಪಾತ್‌ನನ್ನು ಹೆಚ್ಚಾಗಿ ಬೆಳೆದ ಮನೆ, ತಿಂದ ಪೆಟ್ಟು ಹಾಗೆ ಮಾಡಿರುತ್ತದೆ. ಅವನಿಗೆ ಕೋಪ ಮೂಗಿನ ತುದಿಯಲ್ಲಿ. ಹಿಂದುಮುಂದು ನೋಡದೆ ನುಗ್ಗುತ್ತಾನೆ. ಆದರೆ ಒಬ್ಬಿಬ್ಬರು ತನ್ನವರ ಮೇಲೆ ಅವನಿಗೆ ಪ್ರೀತಿ ಇರಬಹುದು. ಸೈಕೋಪಾತ್‌ಗೆ ಅದೂ ಇಲ್ಲ. ಬೇಕಾದಾಗ ಪ್ರೀತಿಯ ಮುಖ ಹಾಕಿಕೊಳ್ಳಬಲ್ಲ, ಅಷ್ಟೆ.

"ನಾನು ಯಾರ ಹೆಸರನ್ನೂ ಹೇಳಲ್ಲ," ಎಂದರು ಅಧ್ಯಕ್ಷರು, ಮೇಲೆ, ಫೇಲಮ್ಮನವರ ಮನೆಯಿರುವ ಮೂರನೇ ಮಹಡಿ ಕಡೆ ಕಣ್ಣು ಹಾಯಿಸಿ. "ಅವರು ಅಕ್ಕಪಕ್ಕದಲ್ಲೇ ಇರಬಹುದು. ಸರ್ಕಾರಿ ಕೆಲಸದಲ್ಲಿರಬಹುದು. ನಿಮ್ಮ ಕಣ್ಣೀರು ನೋಡ್ತಾ ಹಣ್ಣು ತಿಂತಿರಬಹುದು. ನಾವು ಅವರನ್ನ ದ್ವೇಷಿಸಬಾರದು."

ಎರಡನೇ ಸಾಲಿನಲ್ಲಿದ್ದ ಹಾರ್ಡ್‌ವೇರ್ ಜೋರಾಗಿ ಮೂಗೆಳೆದುಕೊಂಡ. ನನ್ನ ತಲೆಯಲ್ಲಿ ದೀಪ ಹತ್ತಿತು. ಮೆಟ್ಟಿಲು ಹತ್ತುವಾಗ ಹೆಂಡತಿಗೆ ಹೇಳಿದೆ, "ನೋಡಿದ್ಯಾ? ತಣ್ಣಗಿನ ಕಣ್ಣು. ಬೇರೆಯವರ ಕಷ್ಟ ತಟ್ಟಲ್ಲ. ಎದುರಿಗೆ ಮನುಷ್ಯ ಗೋಳಾಡ್ತಿದ್ರೂ ಕೇಳಿಸಲ್ಲ."

"ಪೇಪರ್ ಓದೋವಾಗ ನೀವೂ ಹಾಗೇ ಇರ್ತೀರಿ" ಎಂದಳು.

ಫೇಲಮ್ಮನವರು ಸೈಕೋಪಾತ್‌ನಿಂದ ಸೋಷಿಯೋಪಾತ್‌ಗೆ ಇಳಿದದ್ದು, ಅಥವಾ ಬಡ್ತಿ ಪಡೆದದ್ದು, ಒಂದು ಲಾರಿಯಿಂದ. ಒಂದು ಬೆಳಿಗ್ಗೆ ಕಟ್ಟಡದ ಮುಂದೆ ಲಾರಿಯೊಂದು ರಿವರ್ಸ್ ಬರುತ್ತಿತ್ತು. ಅದರ ಹಿಂದೆ ಹಾಲಿನವಳು ಕ್ಯಾನು ಇಳಿಸಿ ಬಗ್ಗಿ ನಿಂತಿದ್ದಳು. ಮೂರನೇ ಮಹಡಿಯಿಂದ ಒಂದು ಕೂಗು ಕೇಳಿಸಿತು. ಅದಾದ ಮರುಕ್ಷಣಕ್ಕೆ ಎಂಬಂತೆ ಫೇಲಮ್ಮ ಒಂದೇ ಕಾಲಿನ ಚಪ್ಪಲಿಯಲ್ಲಿ ರಸ್ತೆಯಲ್ಲಿದ್ದರು, ಲಾರಿಯ ಬಾಗಿಲನ್ನು ಅಂಗೈಯಿಂದ ದಬದಬ ಬಡಿಯುತ್ತಾ. ಆಮೇಲೆ ಡ್ರೈವರನಿಗೆ ಅವರು ಆಡಿದ ಮಾತುಗಳನ್ನು ಮುದ್ರಿಸುವ ಧೈರ್ಯ ಯಾವ ಸಂಪಾದಕರಿಗೂ ಇಲ್ಲ. ಡ್ರೈವರು ಇಳಿದು ಬಂದು ಕೈ ಕಟ್ಟಿ ನಿಂತ. ತಣ್ಣಗಿನವರು ಹೀಗೆ ಕುದಿಯುವುದಿಲ್ಲವಲ್ಲ. ಅಲ್ಲದೆ ಪ್ರತಿದಿನ ಸಂಜೆ ಅವರು ಕಿತ್ತಳೆಯಲ್ಲಿ ಅರ್ಧ ಎತ್ತಿ ಗಂಡನಿಗೆ ಕೊಡುವುದನ್ನೂ ಕಂಡಿದ್ದೆ. ಒಬ್ಬಿಬ್ಬರು ತನ್ನವರ ಮೇಲೆ ಪ್ರೀತಿ, ಸರಿಹೋಯಿತು. ವಿದ್ಯೆ ಎಂದರೆ ಹೀಗಿರಬೇಕು. ಎದುರಿಗೆ ಏನು ಬಂದರೂ ಹೊಂದಿಕೊಳ್ಳಬೇಕು.

ಅವರ ಗಂಡ ದರ್ಜಿ. ಕಟ್ಟಡದ ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಹೊಲಿಗೆ ಯಂತ್ರ. ಇತ್ತೀಚೆಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಹೆಂಡತಿ ಬರುವವರೆಗೂ ಕಾಯುತ್ತಾರೆ. ಹೆಂಡತಿ ಎಷ್ಟು ಕಡಿಮೆ ಮಾತಾಡುತ್ತಾರೋ ಅಷ್ಟನ್ನೂ ಇವರು ಸೇರಿಸಿ ಆಡುತ್ತಾರೆ. ಫೇಲಮ್ಮನವರ ಚರಿತ್ರೆ ನನಗೆ ತಿಳಿದದ್ದು, ನನ್ನ ಪ್ಯಾಂಟಿನ ಸೊಂಟ ಪ್ರತಿವರ್ಷ ಬಿಡಿಸಿಕೊಳ್ಳಲು ಅಲ್ಲಿಗೆ ಹೋಗಿ ಕೂರುವುದರಿಂದ.

ಅವರು ಮೊದಲು ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದರಂತೆ. ವರ್ಷಗಟ್ಟಲೆ ಹಿಂಬಾಗಿಲಲ್ಲಿ ನಿಂತು, ಬಸ್ಸು ಬರುವುದನ್ನು ನೋಡುವ ಜನರ ಮುಖ ನೋಡಿದ್ದಾರೆ. ಆಮೇಲೆ ಇಲಾಖೆಯ ಪರೀಕ್ಷೆ ಬರೆದು ಈ ಕಚೇರಿಗೆ ಬಂದರು. ಹೊಸ ಡ್ರೈವರುಗಳ ಪಕ್ಕದ ಸೀಟಿನಲ್ಲಿ ಕೂರುವ ಕೆಲಸ ಸಿಕ್ಕಿದಾಗ, ಈ ಹೆಂಗಸು ಹೆದರಿ ಓಡಿಹೋಗುತ್ತಾಳೆ ಎಂದು ಗಂಡಸರೆಲ್ಲ ಬಾಜಿ ಕಟ್ಟಿದರು. ಕೆಲವೇ ತಿಂಗಳಲ್ಲಿ ಗಂಡಸರು ಇವರನ್ನು ಕಂಡರೆ ಹೆದರಿ ಓಡತೊಡಗಿದರು. ಶಿಫಾರಸು ತಂದವರು ಫೇಲು, ಬೆಣ್ಣೆ ಹಚ್ಚಿದವರು ಫೇಲು, ಒಮ್ಮೆ ಅವರದೇ ಮೇಲಧಿಕಾರಿಯ ಅಳಿಯ ಫೇಲು.

"ನಿಮಗೆ ಲೈಸೆನ್ಸ್ ಇದೆಯಾ?" ಎಂದು ಒಮ್ಮೆ ದರ್ಜಿಯವರನ್ನು ಕೇಳಿದೆ.

"ಎಲ್ಲಿಂದ ಬರ್ಬೇಕು? ಸಂಬಂಧಿಕರ ಪರೀಕ್ಷೆ ಬೇರೆಯವರು ಮಾಡ್ತಾರೆ, ಆ ದಾರಿ ಇತ್ತು. ಆದ್ರೆ ಪಾಸಾಗಿ ಮನೆಗೆ ಬಂದ್ರೆ ಇವಳು, ನಿಮ್ಮನ್ನ ಪಾಸ್ ಮಾಡಿದವನು ಯಾವ ಕುರುಡ ಅಂತ ಕೇಳ್ತಾಳೆ. ಮನೇಲಿ ದಿನಾ ಪರೀಕ್ಷೆ ಕೊಡೋನಿಗೆ ಇನ್ನೊಂದು ಯಾಕೆ ಸ್ವಾಮಿ. ಬಸ್ಸಲ್ಲೇ ಆರಾಮಾಗಿದೀನಿ."

ಹೀಗೆ ನಡೆಯುತ್ತಿದ್ದಾಗ ಅಧ್ಯಕ್ಷರು ಮನೆಮನೆಗೆ ಬಂದರು. ಕೈಯಲ್ಲಿ ಸಾರಿಗೆ ಇಲಾಖೆಗೆ ಬರೆದ ಒಂದು ಅರ್ಜಿ. ಮೂರನೇ ಮಹಡಿಯ ಆ ಸೋದರಿಯ ಮನಸ್ಸಿನ ಆರೋಗ್ಯದ ಬಗ್ಗೆ ನೆರೆಹೊರೆಯವರಾದ ನಮಗೆ ಕಳವಳವಿದೆ, ಸೈಕೋಪಾತ್ ಲಕ್ಷಣಗಳು ಕಾಣುತ್ತಿವೆ, ಸಾರ್ವಜನಿಕರ ಹಿತದೃಷ್ಟಿಯಿಂದ ಪರಿಶೀಲಿಸಬೇಕು. ಓದಿದರೆ ಕಣ್ಣಲ್ಲಿ ನೀರು ಬರುವಷ್ಟು ಮೃದುವಾದ ಭಾಷೆ. ಹಾರ್ಡ್‌ವೇರ್ ಪೆನ್ನಿನಿಂದ ಕಾಗದ ತೂತಾಗುವಂತೆ ಸಹಿ ಹಾಕಿದ್ದ. ನನ್ನ ಹೆಗಲ ಮೇಲೂ ಕೈ ಬಂತು. "ನೀವು ಬರೆಯೋರು. ಸೂಕ್ಷ್ಮ ಮನಸ್ಸು. ಆ ಹಣ್ಣಿನ ಪ್ರಸಂಗ ಕಣ್ಣಾರೆ ಕಂಡಿದೀರಿ."

ನಾನು ಆಗ ಅವರನ್ನು ಸೋಷಿಯೋಪಾತ್ ಎಂದು ತಿದ್ದಿಕೊಂಡಾಗಿತ್ತು. ಅರ್ಜಿಯಲ್ಲಿ ಸೈಕೋಪಾತ್ ಎಂದಿದೆ, ಶಾಸ್ತ್ರೀಯವಾಗಿ ನನಗೆ ಒಪ್ಪಿಗೆಯಿಲ್ಲ ಎಂದೆ. ಅಧ್ಯಕ್ಷರು ನಕ್ಕು, ಸಹಿ ಬೇಡ, ಸಾಕ್ಷಿಯೆಂದು ಹೆಸರು ಸೇರಿಸುತ್ತೇನೆ ಎಂದರು. ಬೇಡವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಹೆಂಡತಿಯ ಮಂಡಿನೋವು ವಿಚಾರಿಸುತ್ತಾ ಒಳಗೆ ಹೋಗಿಯಾಗಿತ್ತು.

ಕೆಲವು ದಿನಗಳ ನಂತರ ದರ್ಜಿಯವರು ನನ್ನ ಪ್ಯಾಂಟು ಹಿಡಿದು ಮನೆಗೆ ಬಂದರು. ಅವರು ಯಾರ ಮನೆಗೂ ತಂದು ಕೊಡುವವರಲ್ಲ. ಕುರ್ಚಿಯ ತುದಿಯಲ್ಲಿ ಕೂತರು. ಬಹಳ ಹೊತ್ತು ಮಾತಾಡಲಿಲ್ಲ. ಅದನ್ನು ನೋಡಿಯೇ ನನಗೆ ಗಾಬರಿಯಾಯಿತು.

"ವಿಚಾರಣೆ ಇಟ್ಟಿದಾರಂತೆ," ಎಂದರು ಕೊನೆಗೆ. "ಮನಸ್ಸಿನ ಡಾಕ್ಟರು ಬಂದು ನೋಡ್ತಾರಂತೆ. ಅವರು ಹೂಂ ಅಂದ್ರೆ ಇವಳನ್ನ ಆ ಸೀಟಿಂದ ಎಬ್ಬಿಸ್ತಾರೆ. ಹಳೇ ನಂಬರ್ ಪ್ಲೇಟು ತುಂಬಿಡೋ ಗೋದಾಮು ಇದೆಯಲ್ಲ, ಅಲ್ಲಿಗೆ ಹಾಕ್ತಾರೆ. ನಾನು ಹೋಗಿ ನೋಡ್ಕೊಂಡು ಬಂದೆ. ಕಿಟಕಿ ಇಲ್ಲ."

"ಅವರೇನಂತಾರೆ?" ನನ್ನ ಹೆಂಡತಿ ಕೇಳಿದಳು.

"ಏನೂ ಅನ್ನಲ್ಲ. ನಿನ್ನೆ ಸೂಜಿಗೆ ದಾರ ಪೋಣಿಸೋಕೆ ಕೊಟ್ಟೆ. ಎಷ್ಟು ಹೊತ್ತಾದ್ರೂ ಪೋಣಿಸ್ತಾನೇ ಇದ್ಳು. ಕಣ್ಣು ನಂದಲ್ವೇನೇ ಹೋಗಿರೋದು ಅಂದೆ. ನಗಲಿಲ್ಲ." ಪ್ಯಾಂಟನ್ನು ಮಡಿಚಿದ್ದೇ ಮಡಿಚಿದರು. "ಜನ ನೋಡದೆ ಇವಳು ಬದುಕಲ್ಲ ಸ್ವಾಮಿ. ಮದುವೆಯಾದ ಹೊಸದ್ರಲ್ಲಿ ನನ್ನನ್ನ ಬಿಟ್ಟು ಕಿಟಕೀಲೇ ನಿಂತಿರೋಳು. ನಿಮ್ಮ ಹೆಸರು ಸಾಕ್ಷಿ ಅಂತ ಇದೆ. ನೀವು ಕಂಡಿದ್ದು ಹೇಳಿ, ಬೇಡ ಅನ್ನಲ್ಲ. ಕಂಡಿದ್ದು ಮಾತ್ರ ಹೇಳಿ."

ಪ್ಯಾಂಟಿನ ಸೊಂಟ ಬಿಡಿಸಿರಲಿಲ್ಲ. ಮರೆತಿದ್ದರು.

ವಿಚಾರಣೆಯ ದಿನ ಸಾರಿಗೆ ಕಚೇರಿಯ ಅಂಗಳಕ್ಕೆ ಹೋದೆ. ಸುಣ್ಣ ಬಳಿದ ಕಲ್ಲುಗಳು, ಬಣ್ಣ ಹೋದ ಕೋನುಗಳು, ನೆರಳಿಗೆ ಒಂದೇ ಮರ, ಅದರಡಿ ಪರೀಕ್ಷೆಗೆ ಬಂದವರ ಬಿಳಿಚಿಕೊಂಡ ಮುಖಗಳು. ಮನಸ್ಸಿನ ಡಾಕ್ಟರು ಎಂದರೆ ಗಡ್ಡ, ದಪ್ಪ ಕನ್ನಡಕ ಎಂದು ಕಲ್ಪಿಸಿದ್ದೆ. ಬಂದವರು ಗಿಡ್ಡನೆಯ ಡಾಕ್ಟರಮ್ಮ, ಕ್ಯಾನ್ವಾಸ್ ಚೀಲ, ತುಂಬಾ ನೆಗಡಿ. ಅಧ್ಯಕ್ಷರು ಎದ್ದು ಅವರಿಗೆ ಕುರ್ಚಿ ಒರೆಸಿಕೊಟ್ಟು, ಕೇಳದಿದ್ದರೂ ಸೈಕೋಪಾತ್ ಎಂದರೇನು ಎಂದು ವಿವರಿಸತೊಡಗಿದರು. ಡಾಕ್ಟರಮ್ಮ ಮೂಗೊರೆಸಿಕೊಂಡು ಕೇಳಿದರು. ಎಲ್ಲ ಮುಗಿದ ಮೇಲೆ, "ಇವರು ಕೆಲಸ ಮಾಡೋದನ್ನ ನೋಡ್ಬೇಕಲ್ಲ. ಮುಂದಿನ ಪರೀಕ್ಷೆ ಯಾರದು?" ಎಂದರು.

ಮುಂದಿನದು ಹಾರ್ಡ್‌ವೇರ್‌ನದು. ಮರುಪರೀಕ್ಷೆ.

ಹೀಗಾಗಿ ಹಾರ್ಡ್‌ವೇರ್ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ಫೇಲಮ್ಮ, ಹಿಂದೆ ಡಾಕ್ಟರಮ್ಮ ಮತ್ತು, ಸಾಕ್ಷಿ ಎಂಬ ಕಾರಣಕ್ಕೆ, ಜೀವ ಕೈಯಲ್ಲಿ ಹಿಡಿದ ನಾನು. ಅಧ್ಯಕ್ಷರು ಬರಲಿಲ್ಲ, ಕಿಟಕಿಯಿಂದ ಬಗ್ಗಿ ಎಲ್ಲರಿಗೂ ಶುಭ ಕೋರಿದರು. ಹಾರ್ಡ್‌ವೇರ್‌ನ ಕತ್ತು ಆಗಲೇ ಟೊಮೆಟೊ ಬಣ್ಣಕ್ಕೆ ತಿರುಗಿತ್ತು.

"ಹೊರಡಿ" ಎಂದರು ಫೇಲಮ್ಮ. ಅಷ್ಟೇ. ಮುಖ ಎಡಕ್ಕೆ ತಿರುಗಿಸಿ ಫುಟ್‌ಪಾತ್ ನೋಡುತ್ತಾ ಕೂತರು.

ಮಾರ್ಕೆಟ್ ರಸ್ತೆಯಲ್ಲಿ ಒಂದು ಕೈಗಾಡಿ ಅಡ್ಡ ಬಂತು. ಹಾರ್ಡ್‌ವೇರ್ ಬ್ರೇಕ್ ಹಾಕಿ, ಹಾರ್ನ್ ಒತ್ತಿ, ತಲೆ ಹೊರಹಾಕಿ, "ಏನಪ್ಪಾ, ರಸ್ತೆ ನಿಮ್ಮ ಮಾವ ಬರೆದುಕೊಟ್ಟಿದ್ದಾ?" ಎಂದ.

"ಹೌದು, ನಿಮ್ಮ ಮಾವನ ಪಾಲು ಆ ಕಡೆ ಇದೆ, ಸುತ್ತಿಕೊಂಡು ಹೋಗಿ" ಎಂದ ಕೈಗಾಡಿಯವನು.

ನಾನು ಫೇಲಮ್ಮನ ಕಡೆ ನೋಡಿದೆ. ಅವರು ಕೈಗಾಡಿಯವನನ್ನು ನೋಡುತ್ತಿದ್ದರು.

ಡಾಕ್ಟರಮ್ಮ ಮುಂದೆ ಬಾಗಿದರು. "ಮೇಡಂ, ನೀವು ಡ್ರೈವರನ್ನ ಒಂದ್ಸಲನೂ ನೋಡಲೇ ಇಲ್ಲ."

"ಅವರನ್ನ ಯಾಕೆ ನೋಡ್ಬೇಕು? ಪರೀಕ್ಷೆ ದಿನ ಎಲ್ಲರೂ ಒಳ್ಳೆಯವರ ಮುಖ ಹಾಕ್ಕೊಂಡೇ ಬರ್ತಾರೆ. ಗೇರು ಬ್ರೇಕು ಕಿವೀಗೇ ಗೊತ್ತಾಗುತ್ತೆ."

"ಮತ್ತೆ ಕಣ್ಣಿಗೇನು ಕೆಲಸ?"

"ರಸ್ತೇಲಿರೋರನ್ನ ನೋಡೋದು. ಗಾಡಿ ಹತ್ರ ಬಂದಾಗ ಅವರ ಮುಖ ಏನಾಗುತ್ತೆ ಅಂತ. ಅವರಿಗೆ ಇದು ಪರೀಕ್ಷೆ ಅಂತ ಗೊತ್ತಿಲ್ಲವಲ್ಲ, ನಾಟಕ ಮಾಡಲ್ಲ. ಆ ಗಾಡಿಯವನು ಬೈಸ್ಕೊಂಡು ನಗ್ತಿದ್ದ. ಇವರು ಕೂಗ್ತಾರೆ, ಗುದ್ದಲ್ಲ ಅಂತ ಅವನಿಗೆ ಗೊತ್ತಾಗಿದೆ."

"ನಾನೇನು ಗುದ್ದೋನ ಥರ ಕಾಣ್ತೀನಾ?" ಎಂದ ಹಾರ್ಡ್‌ವೇರ್, ರಸ್ತೆ ಬಿಟ್ಟು ತಿರುಗಿ. ನಾನು ಮುಂದಿನ ಸೀಟನ್ನು ತಬ್ಬಿಕೊಂಡೆ.

"ಮುಂದೆ ನೋಡಿ" ಎಂದರು ಫೇಲಮ್ಮ.

ಶಾಲೆ ರಸ್ತೆಯ ಜೀಬ್ರಾ ದಾಟುಪಟ್ಟೆಯಲ್ಲಿ ಒಬ್ಬ ಅಜ್ಜನ ಕೈಚೀಲ ಹರಿದು ಆಲೂಗಡ್ಡೆಗಳು ಉರುಳಿದವು. ಹಾರ್ಡ್‌ವೇರ್ ನಿಲ್ಲಿಸಿದ. ಒಂದು ಕ್ಷಣ ನೋಡಿದ. ಅವನಿಗೆ ತಡೆಯಲಾಗಲಿಲ್ಲ. ಬಾಗಿಲು ತೆಗೆದು ಇಳಿದೇಬಿಟ್ಟ. "ಏನ್ ಅಜ್ಜ, ಇಂಥ ಚೀಲದಲ್ಲಿ ಗಾಳಿ ತಗೊಂಡೋದ್ರೂ ಸೋರುತ್ತೆ. ನನ್ನ ಅಂಗಡಿಗೆ ಬಾ, ಒಳ್ಳೇ ಚೀಲ ಕೊಡ್ತೀನಿ" ಎಂದು ಗದರುತ್ತಾ ಮಂಡಿಯೂರಿ ಆಲೂಗಡ್ಡೆ ಹೆಕ್ಕತೊಡಗಿದ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದವು; ಅವುಗಳಿಗೂ ಅವನು ಸೂಕ್ತ ಉತ್ತರ ಕೊಟ್ಟ. ಒಂದು ಆಲೂಗಡ್ಡೆ ನಮ್ಮ ಚಕ್ರದಡಿಗೆ ಹೋಗಿತ್ತು. ಅದಕ್ಕಾಗಿ ಹೊಟ್ಟೆಯ ಮೇಲೆ ಮಲಗಿದ.

"ದೂರಿನಲ್ಲಿ ಇವರ ಸಹಿನೇ ಅಲ್ವಾ ಎಲ್ಲಕ್ಕಿಂತ ದೊಡ್ಡದು?" ಎಂದು ಡಾಕ್ಟರಮ್ಮ ನನ್ನ ಕಿವಿಯಲ್ಲಿ ಕೇಳಿದರು. ನಾನು ಹೂಂ ಎಂದೆ. ಮೂಗಿನ ತುದಿಯ ಕೋಪ, ಹಿಂದುಮುಂದು ನೋಡದ ನುಗ್ಗಾಟ, ನಿಯಮ ಲೆಕ್ಕಕ್ಕಿಲ್ಲ. ಉಪನ್ಯಾಸದ ಪ್ರಕಾರ ಅಪ್ಪಟ ಸೋಷಿಯೋಪಾತ್, ಹೊಟ್ಟೆ ಮೇಲೆ ಮಲಗಿ ಆಲೂಗಡ್ಡೆ ಹುಡುಕುತ್ತಿದ್ದ.

ಮರಳಿ ಬಂದು ಕೂತಾಗಲೇ ಪರೀಕ್ಷೆಯ ಮಧ್ಯೆ ಗಾಡಿ ಬಿಟ್ಟು ಇಳಿದದ್ದು ಅವನಿಗೆ ಹೊಳೆದದ್ದು. ಮುಖ ಇಳಿದುಹೋಯಿತು. "ಆಯ್ತಲ್ಲ. ಫೇಲ್ ಮಾಡಿ. ಮಾಡಿಬಿಡಿ. ನನ್ನ ಹಣೇಬರಹನೇ ಇಷ್ಟು."

ಫೇಲಮ್ಮ ದಾಟುಪಟ್ಟೆಯ ಆಚೆ ಬದಿ ನೋಡುತ್ತಿದ್ದರು. ಅಜ್ಜ ಚೀಲ ಎದೆಗವಚಿಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ.

"ಹ್ಯಾಂಡ್‌ಬ್ರೇಕ್ ಹಾಕಿ ಇಳಿದ್ರಾ?"

"ಹಾಕಿದ್ದೆ."

"ಕೇಳಿಸ್ತು. ಹೊರಡಿ. ಬಾಯಿ ಕಮ್ಮಿ ಮಾಡಿ."

ಅಂಗಳಕ್ಕೆ ಮರಳಿದಾಗ ಹಾರ್ಡ್‌ವೇರ್ ಪಾಸಾಗಿದ್ದ. ಮೊದಲು ನಂಬಲಿಲ್ಲ, ನಂಬಿದ ಮೇಲೆ ಅತ್ತ. ಆಮೇಲೆ ಅಧ್ಯಕ್ಷರ ಬಳಿಗೆ ನೇರ ಹೋಗಿ, "ಆ ಕಾಗದದಿಂದ ನನ್ನ ಹೆಸರು ತೆಗೀರಿ. ಈ ಯಮ್ಮ ಸೈಕೋನೂ ಅಲ್ಲ ಗೀಕೋನೂ ಅಲ್ಲ, ಬರೀ ಜೋರು" ಎಂದ. ಅಧ್ಯಕ್ಷರ ನಗು ಮಾತ್ರ ಇದ್ದ ಹಾಗೇ ಇತ್ತು.

ಮರದ ಕೆಳಗೆ ಫೇಲಮ್ಮ ಚೀಲದಿಂದ ಕಿತ್ತಳೆ ತೆಗೆದರು. ಸಿಪ್ಪೆ ಬೆರಳಲ್ಲಿ ಚೂರುಚೂರಾಗಿ ಹರಿಯಿತು. ಅವರು ಅದನ್ನೇ ನೋಡುತ್ತಾ ಡಾಕ್ಟರಮ್ಮನನ್ನು ಕೇಳಿದರು, "ನನ್ನನ್ನ ಏನು ಅಂತ ಬರೀತೀರಿ? ಸೈಕೋನಾ, ಇನ್ನೊಂದಾ?"

"ಎರಡೂ ನಮ್ಮ ಪುಸ್ತಕದ ಕಾಯಿಲೆ ಹೆಸರುಗಳಲ್ಲ ಮೇಡಂ," ಎಂದರು ಡಾಕ್ಟರಮ್ಮ. "ಜನ ಆಡೋ ಮಾತು. ಓದಿದವರೂ ಆಡ್ತಾರೆ. ಒಂದು ಹುಟ್ಟಿನಿಂದ, ಇನ್ನೊಂದು ಬೆಳೆದ ರೀತಿಯಿಂದ ಅಂತ ಗೆರೆ ಎಳೀತಾರೆ, ಆ ಗೆರೆ ಎಲ್ಲಿ ಅಂತ ಅವರಲ್ಲೇ ಒಮ್ಮತ ಇಲ್ಲ. ನಾವು ಹೇಳೋದು ಸಮಾಜವಿರೋಧಿ ವ್ಯಕ್ತಿತ್ವ ದೋಷ ಅಂತ. ಅದನ್ನ ಹೇಳೋಕೂ ಹರೆಯದಿಂದ ಆ ಮನುಷ್ಯ ಹೇಗೆ ನಡ್ಕೊಂಡು ಬಂದ ಅಂತ ನೋಡ್ಬೇಕು. ಹಣ್ಣು ತಿನ್ನೋದು ನೋಡಿ ಹೇಳೋಕಾಗಲ್ಲ." ಮೂಗು ಒರೆಸಿಕೊಂಡರು. "ಅದಿರಲಿ, ಇಲ್ಲಿಯ ರಿಜಿಸ್ಟರಲ್ಲಿ ನೋಡಿದೆ, ಅಧ್ಯಕ್ಷರನ್ನ ಯಾಕೆ ಫೇಲ್ ಮಾಡಿದ್ರಿ?"

ನಾನು ಬೆಚ್ಚಿದೆ. ಅಧ್ಯಕ್ಷರೂ ಪರೀಕ್ಷೆಗೆ ಬಂದಿದ್ದರೇ? ಬಂದಿದ್ದರು. ಅವರ ಹಳೆಯ ಲೈಸೆನ್ಸ್ ಅವಧಿ ಮೀರಿ, ಹೊಸದಾಗಿ ಪರೀಕ್ಷೆ ಕೊಡಬೇಕಾಗಿತ್ತು. ಉಪನ್ಯಾಸಕ್ಕೆ ಸ್ವಲ್ಪ ದಿನ ಮೊದಲು. ಫೇಲಾದದ್ದನ್ನು ಅವರೂ ಹೇಳಿಕೊಂಡಿರಲಿಲ್ಲ, ಇವರೂ ಹೇಳಿರಲಿಲ್ಲ.

"ಗಾಡಿ ಚೆನ್ನಾಗೇ ಓಡಿಸಿದ್ರು," ಎಂದರು ಫೇಲಮ್ಮ. "ಒಂದು ತಪ್ಪಿಲ್ಲ. ಆಸ್ಪತ್ರೆ ತಿರುವಲ್ಲಿ ಒಬ್ಬಳು ಕೋಲು ಹಿಡಿದು ದಾಟ್ತಿದ್ಳು. ಇವರು ನಿಧಾನ ಮಾಡಲಿಲ್ಲ. ಅವಳ ಮುಖ ಸುಣ್ಣವಾಯ್ತು, ಕೋಲು ಬಿದ್ದೋಯ್ತು. ಅವಳ ಕಾಲ ಹತ್ರ ಬಂದು, ಗೆರೆ ಮೇಲೆ ಸರಿಯಾಗಿ ನಿಲ್ಲಿಸಿದ್ರು. ಮೊದಲೇ ನಿಲ್ಲಿಸಬಹುದಿತ್ತು. ಆಮೇಲೆ ನನ್ನ ಕಡೆ ತಿರುಗಿ, ಹೇಗಿದೆ ಮೇಡಂ ನನ್ನ ಬ್ರೇಕಿಂಗ್ ಅಂದ್ರು."

"ಫೇಲು ಅಂದಾಗ ಕೋಪ ಮಾಡ್ಕೊಂಡ್ರಾ?"

"ಇಲ್ಲ. ಥ್ಯಾಂಕ್ಯೂ ಅಂದ್ರು. ನನ್ನ ಯಜಮಾನರ ಕಣ್ಣು ಹೇಗಿದೆ ಅಂತ ವಿಚಾರಿಸಿದ್ರು."

ಡಾಕ್ಟರಮ್ಮ ಚೀಲದಿಂದ ಪೆನ್ನು ತೆಗೆದು, ಅಲ್ಲೇ ಬೆಂಚಿನ ಮೇಲೆ ತಮ್ಮ ಅಭಿಪ್ರಾಯ ಬರೆದು ವಿಚಾರಣೆಯ ಅಧಿಕಾರಿಯ ಕೈಗೆ ಕೊಟ್ಟರು. ಯಾವ ಕಾಯಿಲೆಯೂ ಇಲ್ಲ, ಈಗಿನ ಕೆಲಸದಲ್ಲೇ ಮುಂದುವರಿಯಬಹುದು. ಕೊಟ್ಟಾದ ಮೇಲೆ ಫೇಲಮ್ಮನ ಪಕ್ಕ ಬಂದು ಕೂತರು. "ನನ್ನನ್ನ ನೀವು ಎರಡು ಸಲ ಫೇಲ್ ಮಾಡಿದ್ರಿ. ನೆನಪಿದ್ಯಾ?"

"ಮುಖ ನೋಡಲ್ವಲ್ಲ, ಹೇಗೆ ನೆನಪಿರುತ್ತೆ" ಎಂದು ಫೇಲಮ್ಮ ಅರ್ಧ ಹಣ್ಣು ಅವರ ಕೈಗಿಟ್ಟರು. ಗಂಡನ ಪಾಲು. ಅದನ್ನು ಕಂಡಾಗ, ಅವರು ಎಷ್ಟು ಹೆದರಿದ್ದರೆಂದು ನನಗೆ ತಿಳಿಯಿತು.

ಸಾಕ್ಷಿಯಾಗಿ ನಾನು ಹೇಳಬೇಕೆಂದು ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣವನ್ನು ಯಾರೂ ಕೇಳಲಿಲ್ಲ. ಅದು ಇಂದಿಗೂ ನನ್ನ ಬಳಿ ಹಾಗೆಯೇ ಇದೆ.

ಆ ಸಂಜೆ ಅಧ್ಯಕ್ಷರು ಮೂರನೇ ಮಹಡಿಗೆ ಹೂಗುಚ್ಛ ಹಿಡಿದು ಹೋದರು. ಸತ್ಯ ಗೆದ್ದದ್ದು ತಮಗೆ ವೈಯಕ್ತಿಕವಾಗಿ ಬಹಳ ಸಂತೋಷ ತಂದಿದೆ ಎಂದರಂತೆ. ದರ್ಜಿಯವರು ಹೂವಿನ ಸುತ್ತಲಿದ್ದ ಸ್ಯಾಟಿನ್ ಪಟ್ಟಿ ಬಿಚ್ಚಿಟ್ಟುಕೊಂಡರು. ದಿಂಬಿನ ಅಂಚಿಗೆ ಆಗುತ್ತದೆ. ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷರು ಅವಿರೋಧವಾಗಿ ಮತ್ತೆ ಆಯ್ಕೆಯಾದರು. ವಿರೋಧಿಸುವುದು ಹೇಗೆ? ಎಲ್ಲರ ಹುಟ್ಟಿದ ದಿನವೂ ಅವರಿಗೆ ಗೊತ್ತು. ನಾನೂ ಕೈ ಎತ್ತಿದೆ. ಅವರ ಹೊಸ ಉಪನ್ಯಾಸದ ವಿಷಯ, ಕ್ಷಮೆಯ ಶಕ್ತಿ.

ಕಳೆದ ವಾರ ಅವರು ಮತ್ತೆ ಡ್ರೈವಿಂಗ್ ಪರೀಕ್ಷೆಗೆ ಹೋಗಿ ಬಂದರೆಂದು ಕೇಳಿದೆ. ಅಂದು ಸಂಜೆ ಫೇಲಮ್ಮ ಕಲ್ಲುಬೆಂಚಿನ ಮೇಲೆ ಎಂದಿನಂತೆ ಕೂತಿದ್ದರು. ಸಿಪ್ಪೆ ಒಂದೇ ಪಟ್ಟಿಯಾಗಿ ಇಳಿದು ಮಂಡಿಯ ಮೇಲೆ ಸುರುಳಿ ಸುತ್ತುತ್ತಿತ್ತು. ಪಕ್ಕದಲ್ಲಿ ದರ್ಜಿಯವರು ತಮ್ಮ ಪಾಲಿಗೆ ಕಾಯುತ್ತಿದ್ದರು. ಈ ವಿಷಯದಲ್ಲಿ ನಾನು ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮವಾಗಬಾರದೆಂದು ನಾನೂ ಹೋಗಿ ಕೂತೆ.

"ಅಕ್ಕಾ, ಒಂದು ಅನುಮಾನ. ಅದರಲ್ಲಿ ಒಮ್ಮತ ಇಲ್ಲವಂತೆ, ಗೆರೆ ಎಲ್ಲಿ ಅಂತ ಡಾಕ್ಟರಿಗೂ ಗೊತ್ತಿಲ್ಲವಂತೆ, ಎಲ್ಲ ಸರಿ. ನೀವು ಇಷ್ಟು ವರ್ಷ ಜನ ನೋಡಿದೀರಿ, ಅದಕ್ಕೇ ಕೇಳ್ತೀನಿ. ನಮ್ಮ ಅಧ್ಯಕ್ಷರು ನಿಜವಾಗಿ ಯಾವುದು? ಹುಟ್ಟಿನಿಂದ ಹೀಗೇನಾ, ಬೆಳೆದ ಮೇಲೆ ಹೀಗಾದ್ರಾ? ಸೈಕೋಪಾತಾ, ಸೋಷಿಯೋಪಾತಾ?"

ಫೇಲಮ್ಮ ಗೇಟಿನಾಚೆ ನೋಡುತ್ತಾ ಬೀಜ ಉಗಿದರು.

"ಫೇಲು" ಎಂದರು.